ಮೊದಲು ಸ್ಟಿಯರಿಂಗ್, ಆಮೇಲೆ ಎಂಜಿನ್

ಸ್ಪೋರ್ಟ್ಸ್ ಕಾರಿನ ಮೋಹ ಹತ್ತಿದ ನಮ್ಮ ತರುಣರು ಮೊತ್ತಮೊದಲು ಕೇಳುವುದು ಅಶ್ವಶಕ್ತಿ ಎಷ್ಟೆಂದು. ಎರಡು ಎಂಜಿನುಗಳ ಆಯ್ಕೆಯಿದ್ದರೆ, ಸಾಲದ ಕಂತು ಏರಿದರೂ ಸರಿ, ದೊಡ್ಡದಕ್ಕೇ ಕೈ ಚಾಚುತ್ತಾರೆ. ಸ್ಟಿಯರಿಂಗ್ ಹೇಗಿದೆಯೆಂದು ವಿಚಾರಿಸುವವರು ವಿರಳ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನಮ್ಮ ಅಭಿಪ್ರಾಯ.

ಸೊಲ್ಲಾಪುರದಿಂದ ಮಂಗಳೂರಿಗೆ ಬರುವ ಹಾದಿಯನ್ನೇ ನೋಡೋಣ. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾಗುವ ತನಕ ಅದು ಉದ್ದಕ್ಕೂ ರಾಷ್ಟ್ರೀಯ ಹೆದ್ದಾರಿ 13 ಆಗಿತ್ತು. ನಮ್ಮಂತೆಯೇ ರಾಜ್ಯದ ಗಡಿಯಾಚೆ ಉಳಿದ ಕನ್ನಡಿಗರಿರುವ ಸೊಲ್ಲಾಪುರ, ಅಕ್ಕಲಕೋಟೆಗಳ ಸೀಮೆ ಕಪ್ಪುಮಣ್ಣಿನ ಬಯಲು. ಅಲ್ಲಿ ಲಾರಿಯೊಂದನ್ನು ಬೇಗನೆ ಹಿಂದಿಕ್ಕಲು ಎಂಜಿನಿನ ಬಲ ಬೇಕು, ನಿಜ. ಆದರೆ ಅದೇ ಹಾದಿ ಶೃಂಗೇರಿ ದಾಟಿ ಕಾರ್ಕಳದತ್ತ ಘಾಟಿ ಇಳಿಯುವಾಗ ಆ ಬಲದ ಅರ್ಧಾಂಶವೂ ಉಪಯೋಗಕ್ಕೆ ಬಾರದು. ಮಳೆಗಾಲದ ತಿರುವಿನಲ್ಲಿ ಮುಂದಿನ ಟಯರು ಹಿಡಿತ ಬಿಡುವ ಮೊದಲೇ ಚಾಲಕನ ಅಂಗೈಗೆ ಸೂಚನೆ ಸಿಗಬೇಕು. ಸ್ಟಿಯರಿಂಗಿನ ಗುಣವೆಂದರೆ ಇದೇ.

ಈ ಗುಣಕ್ಕೂ ಎಂಜಿನಿಗೂ ಸಂಬಂಧವಿಲ್ಲದಿಲ್ಲ. ದೊಡ್ಡ ಎಂಜಿನ್ ಮುಂಭಾಗದ ಭಾರವನ್ನು ಹೆಚ್ಚಿಸುತ್ತದೆ. ಕಾರಿನ ಮೂತಿ ತಿರುಗಲು ತಡವಾಗುತ್ತದೆ. ಮುಂದಿನ ಚಕ್ರಗಳೇ ಕಾರನ್ನು ಎಳೆಯುವುದಾದರೆ, ಬಲ ಹೆಚ್ಚಿದಷ್ಟೂ ಸ್ಟಿಯರಿಂಗ್ ಒಂದು ಬದಿಗೆ ಜಗ್ಗುವುದುಂಟು.

ಬೆಂಗಳೂರಿನ ಸಿಪಾನಿಯವರು 1982ರಲ್ಲಿ ಹೊರತಂದ ಡಾಲ್ಫಿನ್ ಕಾರು ಹಿರಿಯರಿಗೆ ನೆನಪಿರಬಹುದು. ಫೈಬರ್‌ಗ್ಲಾಸ್ ಮೈ, 848 ಸಿ.ಸಿ. ಎಂಜಿನ್. 1983ರ ಕೊನೆಗೆ ಬಂದ ಮಾರುತಿಯದು 796 ಸಿ.ಸಿ. ಎಂಜಿನಿನಲ್ಲಿ ಅಂತರ ಅಲ್ಪ. ಆದರೆ ಡಾಲ್ಫಿನ್ನನ್ನು ತಳ್ಳುತ್ತಿದ್ದುದು ಹಿಂದಿನ ಚಕ್ರಗಳು. ಮುಂದಿನವಕ್ಕೆ ತಿರುಗುವ ಕೆಲಸ ಮಾತ್ರ. ಮಾರುಕಟ್ಟೆಯಲ್ಲಿ ಸೋತ ಆ ಹಗುರ ಕಾರು ಶೋಲಾವರಂ ಓಟಗಳಲ್ಲಿ ಹೆಸರು ಮಾಡಿದ್ದು ಸುಮ್ಮನಲ್ಲ.

ಹೊರಜಗತ್ತಿನ ನಿದರ್ಶನವೂ ಇದೆ. ಜಪಾನಿನ ಮಜ್ದಾ ಕಂಪೆನಿ ತನ್ನ ಪ್ರಸಿದ್ಧ ಎರಡು ಸೀಟಿನ ಎಂ.ಎಕ್ಸ್.-5 ಕಾರಿನ ಹೊಸ ಮಾದರಿಯನ್ನು 2015ರಲ್ಲಿ ಬಿಡುಗಡೆ ಮಾಡಿದಾಗ ಅಮೆರಿಕಕ್ಕೆ 2 ಲೀಟರಿನ ಎಂಜಿನ್ ಕೊಟ್ಟು, ತನ್ನ ನಾಡಿನವರಿಗೆ 1.5 ಲೀಟರಿನದನ್ನೇ ಇಟ್ಟಿತು. ಸಣ್ಣ ಎಂಜಿನಿನ ಕಾರು ಹಗುರ, ತಿರುವಿನಲ್ಲಿ ಚುರುಕು.

ವಿದ್ಯುತ್ ಮೋಟಾರಿನ ನೆರವಿರುವ ಇಂದಿನ ಸ್ಟಿಯರಿಂಗನ್ನು ನಾವು ಹಳಿಯುತ್ತಿಲ್ಲ. ಪೇಟೆಯ ಇಕ್ಕಟ್ಟಿನಲ್ಲಿ ಕಾರು ನಿಲ್ಲಿಸುವವರಿಗೆ, ವಯಸ್ಸಾದವರಿಗೆ ಅದು ಉಪಕಾರಿ. ಆದರೆ ಬೆರಳಲ್ಲಿ ತಿರುಗುವಷ್ಟು ಹಗುರವಾದ ಸ್ಟಿಯರಿಂಗ್ ಉತ್ತಮವಾದದ್ದೇ ಎಂಬ ಭ್ರಮೆ ಬೇಡ. ವೇಗ ಹೆಚ್ಚಿದಂತೆ ಅದು ಬಿಗಿಯಾಗಬೇಕು. ರಸ್ತೆಯ ಸುದ್ದಿಯನ್ನು ಕೈಗೆ ಮುಟ್ಟಿಸಬೇಕು.

ಷೋರೂಮಿನ ಎದುರಿನ ನೇರ ರಸ್ತೆಯಲ್ಲಿ ಎರಡು ಫರ್ಲಾಂಗು ಓಡಿಸಿದರೆ ಇದೊಂದೂ ತಿಳಿಯದು. ಆದುದರಿಂದ ಮಾರಾಟಗಾರರು ಗಿರಾಕಿಗಳಿಗೆ ಚೆರ್ಕಳ–ಜಾಲ್ಸೂರು ರಸ್ತೆಯಂತಹ ತಿರುವಿನ ಹಾದಿಯಲ್ಲಿ ಕಾರು ಓಡಿಸಿ ನೋಡುವ ಅವಕಾಶ ಕೊಡತಕ್ಕದ್ದು. ಕೊಳ್ಳುವವರೂ ಅದನ್ನು ಕೇಳಿ ಪಡೆಯಬೇಕು. ಎರಡೂ ಎಂಜಿನುಗಳ ಕಾರನ್ನು ಒಂದೇ ತಿರುವಿನಲ್ಲಿ, ಮಿತವಾದ ಒಂದೇ ವೇಗದಲ್ಲಿ ಓಡಿಸಿ ನೋಡಲಿ. ಯಾವುದು ಕೈಗೆ ಹೆಚ್ಚು ನಂಬಿಕೆ ಕೊಡುವುದೋ ಅದನ್ನೇ ಆರಿಸಲಿ. ಮಗ ಸುರಕ್ಷಿತವಾಗಿ ಮನೆ ಸೇರಬೇಕೆಂದು ಕಾಯುವ ತಂದೆತಾಯಂದಿರೂ ಹಣ ಕೊಡುವ ಮುನ್ನ ಇಷ್ಟನ್ನು ವಿಚಾರಿಸುವುದು ಒಳ್ಳೆಯದು.