ಬೆರಳು ಕೇಳುವವರಿಗೆ

ಫೆನ್ಸಿಂಗ್ ಆಟದ ಫಾಯಿಲ್ ಕತ್ತಿಯನ್ನು ಮಚ್ಚಿನಂತೆ ಮುಷ್ಟಿ ಬಿಗಿದು ಹಿಡಿಯುವುದಿಲ್ಲ. ಹೆಬ್ಬೆರಳು, ತೋರುಬೆರಳು ಸೇರಿ ಮೊನೆಯನ್ನು ಆಡಿಸುತ್ತವೆ; ಉಳಿದ ಮೂರು ಬರೀ ಆಸರೆ. ನಮ್ಮ ಸರ್ಕಾರ ಕ್ರೀಡಾಪಟುಗಳಿಗೆ ಕೊಡುವ ಪ್ರಶಸ್ತಿಗೆ ಏಕಲವ್ಯನ ಹೆಸರಿಟ್ಟಿದೆ. ಹೆಸರಿಟ್ಟವರೇ, ಇನ್ನೂ ಯಾಕೆ ಹೆಬ್ಬೆರಳು ಕೇಳುತ್ತಿದ್ದೀರಿ?

ನಮ್ಮ ಕಡಕೊಳದ ಹುಡುಗಿ ಮೈಸೂರಿನ ಬಸ್ಸು ಹತ್ತಿ ಡಿಗ್ರಿ ಓದಲು ಹೋಗುತ್ತಾಳೆ. ಅಡ್ಮಿಷನ್ ರಸೀದಿಯಲ್ಲಿ ಕ್ರೀಡಾ ಶುಲ್ಕವೂ ಇರುತ್ತದೆ, ಕಟ್ಟುತ್ತಾಳೆ. ನಾನೂ ಕಟ್ಟಿದ್ದೆ. ನಮ್ಮ ಕಾಲೇಜಿನ ಕ್ರೀಡಾ ಕೊಠಡಿಗೆ ಸದಾ ಬೀಗ. ಫೆನ್ಸಿಂಗ್ ಕಲಿಯಬೇಕು ಅಂದದ್ದಕ್ಕೆ ಸಿಕ್ಕ ಉತ್ತರ: "ಅದು ನಿಮ್ಮಂಥೋರ ಆಟ ಅಲ್ಲ ಕಣಯ್ಯ." ನಿಮ್ಮಂಥೋರು! ಆ ಒಂದು ಮಾತಿನಲ್ಲಿ ನನ್ನ ಜಾತಿ, ನನ್ನ ಊರು, ಅಪ್ಪನ ಕೂಲಿ ಎಲ್ಲವನ್ನೂ ಅಳೆದುಬಿಟ್ಟಿದ್ದರು.

ಚೆನ್ನೈನ ಭವಾನಿ ದೇವಿ 2004ರಲ್ಲಿ ಶಾಲೆಯಲ್ಲಿ ಈ ಆಟ ಶುರು ಮಾಡಿದಾಗ ಅಭ್ಯಾಸಕ್ಕೆ ಸಿಕ್ಕಿದ್ದು ಬಿದಿರು ಕೋಲು. ಅದೇ ಕೈ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸೇಬರ್ ಕತ್ತಿ ಹಿಡಿದು ಮೊದಲ ಪಂದ್ಯವನ್ನು 15-3ರಿಂದ ಗೆದ್ದಿತು. 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಿಂದಲೂ ಇರುವ ಈ ಸ್ಪರ್ಧೆಗೆ ಭಾರತದ ಒಬ್ಬರು ಕಾಲಿಡಲು 125 ವರ್ಷ ಹಿಡಿಯಿತು. ಅಷ್ಟೂ ವರ್ಷ ಈ ನೆಲದ ಎಷ್ಟು ಮಣಿಕಟ್ಟುಗಳು ಕುಡುಗೋಲು ಹಿಡಿದೇ ಸವೆದವು!

ಈ ಆಟಕ್ಕೆ ಕ್ರೀಡಾಂಗಣ ಬೇಡ. ಅಂಕಣದ ಉದ್ದ 14 ಮೀಟರ್, ಅಗಲ ಹೆಚ್ಚೆಂದರೆ 2 ಮೀಟರ್. ಕಾಲೇಜಿನ ಉದ್ದನೆಯ ಕಾರಿಡಾರು ಸಾಕು. ಮೊದಲ ದಿನಗಳಲ್ಲಿ ಕತ್ತಿಯೂ ಬೇಡ, ಕಲಿಯಬೇಕಾದ್ದು ಕಾಲಿನ ಹೆಜ್ಜೆ. ದುಡ್ಡು ಬೇಕಾಗುವುದು ಮಾಸ್ಕು, ಜಾಕೆಟ್ಟು, ಅಂಕ ತೋರಿಸುವ ಯಂತ್ರಕ್ಕೆ. ಒಂದು ಕಾಲೇಜಿಗೆ ಅದು ಭಾರವಾದರೆ ಮೈಸೂರು, ನಂಜನಗೂಡಿನ ಕಾಲೇಜುಗಳು ಕೂಡಿ ಕೊಳ್ಳಲಿ. ಎರಡೂ ಊರಿನ ನಡುವೆ ಕಡಕೊಳವಿದೆ. ಬಸ್ಸೂ ಇದೆ, ರೈಲೂ ನಿಲ್ಲುತ್ತದೆ. ಫೆನ್ಸಿಂಗ್ ಕ್ಲಬ್ಬು ಇಲ್ಲೇ ಆಗಲಿ. ಹಳ್ಳಿಯ ಮಕ್ಕಳು ಪಟ್ಟಣಕ್ಕೆ ಹೋಗಿ ಬಾಗಿಲು ಕಾದದ್ದು ಸಾಕು, ಪಟ್ಟಣದವರೂ ಒಮ್ಮೆ ಇತ್ತ ಬಸ್ಸು ಹತ್ತಲಿ.

ಕತ್ತಲಾದ ಮೇಲೆ ಅಭ್ಯಾಸ ಇಟ್ಟು, ಹೆಣ್ಣುಮಕ್ಕಳು ಬರುವುದಿಲ್ಲ ಎಂದು ವರದಿ ಬರೆಯಬೇಡಿ. ಕೊನೆಯ ಬಸ್ಸಿನ ಹೊತ್ತು ಕೇಳಿಕೊಂಡು ವೇಳಾಪಟ್ಟಿ ಹಾಕಿ.

ಪ್ರಾಂಶುಪಾಲರೇ, ನಮ್ಮಿಂದ ವಸೂಲು ಮಾಡಿದ ಕ್ರೀಡಾ ಶುಲ್ಕದ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚಿ. ಆಮೇಲೆ ಆ ಕೊಠಡಿಯ ಬೀಗ ತೆಗೆಯಿರಿ.