ಮೂಲಸ್ಥಾನದ ಕಡೆಗೆ ಮುಖ

1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಒಂದು ಬಿಡುಗಡೆ ಪತ್ರ ತಯಾರಾಯಿತು. ಉತ್ತರ ಆಫ್ರಿಕದ ಮಹ್ದಿಯಾ ಪಟ್ಟಣದಿಂದ ಬಂದಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಆಶು ಎಂಬ ಹೆಣ್ಣಾಳನ್ನು ದಾಸ್ಯದಿಂದ ಮುಕ್ತಗೊಳಿಸಿದ ಪತ್ರ ಅದು. ಮುಂದೆ ಅವನ ಮಕ್ಕಳ ತಾಯಿಯಾದವಳು ಇವಳೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಆಗ ತುಳುನಾಡನ್ನು ಆಳುತ್ತಿದ್ದವರು ಆಳುಪರು. ಆದರೆ ಪತ್ರ ಬರೆದ ಕೈಗೆ ಇನ್ನೊಂದು ಲೋಕವೂ ಅಷ್ಟೇ ನಿಜವಾಗಿತ್ತು. ನಾಡು ಕಳೆದುಕೊಂಡು ಚದುರಿದ ಯೆಹೂದಿಗಳಿಗೆಲ್ಲ ಮುಖ್ಯಸ್ಥನೆನಿಸಿ ಬಾಗ್ದಾದಿನಲ್ಲಿ ಕುಳಿತಿದ್ದವನ ಹೆಸರನ್ನು ಅದು ಗೌರವದಿಂದ ಹೇಳುತ್ತದೆ.

ಬೆನ್ ಯಿಜು ಸುಮಾರು 17 ವರ್ಷ ಈ ಕರಾವಳಿಯಲ್ಲಿ ಬದುಕಿದ. ಕರಿಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣವನ್ನು ಏಡನ್ನಿಗೆ ಕಳಿಸುತ್ತಿದ್ದ; ಅಲ್ಲಿಂದ ಕಾಗದ, ಸಕ್ಕರೆ, ಒಣದ್ರಾಕ್ಷಿ ತರಿಸಿಕೊಳ್ಳುತ್ತಿದ್ದ. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಆಳಿನ ಹೆಸರು ಹಳೆಯ ಕಾಗದಗಳಲ್ಲಿ ಬರೀ ವ್ಯಂಜನಗಳಲ್ಲಿತ್ತು. ಅದು ತುಳುನಾಡಿನ ‘ಬೊಮ್ಮ’ನೇ ಇರಬೇಕೆಂದು ಲೇಖಕ ಅಮಿತಾವ್ ಘೋಷ್ ನಿರ್ಧರಿಸಿದ್ದು ತುಳು ವಿದ್ವಾಂಸ ಬಿ.ಎ. ವಿವೇಕ ರೈ ಅವರ ನೆರವಿನಿಂದ. ಗುಂಡ್ಯ, ಶಿರಾಡಿ, ಸುಬ್ರಹ್ಮಣ್ಯದ ಕಡೆಯ ಕಾಡಂಚಿನಲ್ಲಿ ಬೆಳೆದ ಮೆಣಸೂ ಅವನ ಮೂಟೆಗಳಲ್ಲಿ ಇದ್ದಿರಬಹುದು. ಘಟ್ಟದ ಬುಡದ ಸರಕು ಹೊಳೆಗುಂಟ ಇಳಿದು ಮಂಗಳೂರು ಸೇರುವುದು ಈ ನಾಡಿನ ಹಳೆಯ ಕ್ರಮ.

ಇಂಥ ಯೆಹೂದಿಯೊಬ್ಬ ಇಲ್ಲಿ ದಿನವೂ ಪ್ರಾರ್ಥನೆಗೆ ನಿಂತಾಗ ಅವನ ಮುಖ ಜೆರುಸಲೇಮಿನ ಕಡೆಗಿರಬೇಕಿತ್ತು. ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಯೆಹೂದಿಗಳಿಗೆ ಈ ನಿಯಮ ಒಂದೇ. ಇದಕ್ಕಿಂತ ಬೆರಗಿನ ಸಂಗತಿ ಮಳೆಯದು. ಯೆಹೂದಿಗಳ ಪ್ರಾರ್ಥನೆಯಲ್ಲಿ ಮಳೆಯನ್ನು ನೆನೆಯುವ ಭಾಗ ಅಕ್ಟೋಬರಿನ ಹೊತ್ತಿಗೆ, ಅವರ ಪರ್ಣಕುಟೀರದ ಹಬ್ಬ ಮುಗಿಯುವಾಗ ಆರಂಭವಾಗಿ ವಸಂತದ ಪಾಸ್ಕ ಹಬ್ಬಕ್ಕೆ ನಿಲ್ಲುತ್ತದೆ. ಅದು ಜೆರುಸಲೇಮಿನ ಮಳೆಗಾಲ. ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಡೆದ ಮಳೆ ಬಿಟ್ಟು, ಗದ್ದೆ ಹಳದಿಗೆ ತಿರುಗಿ, ಇನ್ನು ಮಳೆ ಬಂದರೆ ಬೆಳೆ ಹಾಳೆಂದು ಊರವರು ಆಕಾಶ ನೋಡುವ ಹೊತ್ತಿಗೆ, ಮಂಗಳೂರಿನಲ್ಲಿದ್ದ ಯೆಹೂದಿ ಮಳೆಯನ್ನು ನೆನೆಯಲು ಶುರುಮಾಡುತ್ತಿದ್ದ. ಅವನ ದೇಹ ಒಂದು ಋತುವಿನಲ್ಲಿತ್ತು, ಪ್ರಾರ್ಥನೆ ಇನ್ನೊಂದರಲ್ಲಿ.

ಒಂದು ಜನಾಂಗ ತಾನು ವಾಸಿಸದ, ಬಹುತೇಕರು ಕಣ್ಣಿಂದಲೂ ಕಾಣದ ಊರನ್ನು ಎರಡು ಸಾವಿರ ವರ್ಷ ಹೇಗೆ ಹಿಡಿದುಕೊಂಡಿತು? ನಂಬಿಕೆ ಗಟ್ಟಿಯಾಗಿತ್ತು ಎಂಬ ಉತ್ತರ ಸಾಲದು. ಗಟ್ಟಿ ನಂಬಿಕೆಗಳು ಮೂರು ತಲೆಮಾರಿನಲ್ಲಿ ಕರಗಿಹೋದ ಉದಾಹರಣೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಊರನ್ನು ಉಳಿಸಿದ್ದು ನೇಮ. ತಿಥಿಗೆ ಕಟ್ಟಿದ, ಮೈಯಿಂದ ಮಾಡಬೇಕಾದ, ಮಕ್ಕಳ ಕಣ್ಣೆದುರು ನಡೆಯಬೇಕಾದ ಸಣ್ಣ ಸಣ್ಣ ನೇಮ.

ಕ್ರಿ.ಪೂ. 586ರಲ್ಲಿ ಬಾಬಿಲೋನಿಯದವರು ಜೆರುಸಲೇಮಿನ ಮೊದಲ ದೇವಾಲಯವನ್ನು ಸುಟ್ಟರು. ಎರಡನೆಯದನ್ನು ಕ್ರಿ.ಶ. 70ರಲ್ಲಿ ರೋಮನ್ ಸೇನಾಪತಿ ಟೈಟಸ್ ನೆಲಸಮ ಮಾಡಿದ. ಎರಡರ ಶೋಕವನ್ನೂ ಯೆಹೂದಿಗಳು ಒಂದೇ ದಿನ, ಆವ್ ತಿಂಗಳ ಒಂಬತ್ತರಂದು ಉಪವಾಸ ಕುಳಿತು ಆಚರಿಸುತ್ತಾರೆ. ಜುಲೈ-ಆಗಸ್ಟಿನಲ್ಲಿ ಬರುವ ಆ ತಿಂಗಳು ತುಳುನಾಡಿನ ಆಟಿಯ ಆಸುಪಾಸಿನದು. ಮದುವೆಯ ಸಂಭ್ರಮದ ನಡುವೆ ವರ ಗಾಜಿನ ಲೋಟವನ್ನು ಕಾಲಿಂದ ಒಡೆಯುತ್ತಾನೆ. ಹಾಳಾದ ನಗರವನ್ನು ಆ ಹೊತ್ತಿನಲ್ಲೂ ಮರೆಯಬಾರದೆಂದು ಅದಕ್ಕೆ ಅರ್ಥ ಹೇಳುತ್ತಾರೆ. ಹೊಸ ಮನೆಗೆ ಗಾರೆ ಮಾಡುವಾಗ ಗೋಡೆಯ ಒಂದು ತುಣುಕನ್ನು ಬರಿದಾಗಿ ಬಿಡುವ ಸಂಪ್ರದಾಯವಿದೆ. ದೂರದೇಶದಲ್ಲಿ ಸತ್ತವರ ಜೊತೆ ಪವಿತ್ರ ಭೂಮಿಯ ಹಿಡಿ ಮಣ್ಣು ಇಡುವುದುಂಟು. ಪಾಸ್ಕದ ರಾತ್ರಿಯೂಟದ ಕೊನೆಗೆ ಮನೆಮಂದಿ ಒಟ್ಟಾಗಿ ಮುಂದಿನ ವರ್ಷ ಜೆರುಸಲೇಮಿನಲ್ಲಿರಲಿ ಎಂದು ಹಾರೈಸಿಕೊಳ್ಳುತ್ತಾರೆ. ಊಟಕ್ಕೆ ಕುಳಿತ ಪುಟ್ಟ ಮಗುವಿಗೆ ಜೆರುಸಲೇಂ ಎಲ್ಲಿದೆ ಎಂದು ಗೊತ್ತಿರುವುದಿಲ್ಲ, ಆ ಹೆಸರು ಮಾತ್ರ ಊಟದ ರುಚಿಯ ಜೊತೆಗೆ ನೆನಪಿನಲ್ಲಿ ಕೂರುತ್ತದೆ.

ನಿಷೇಧವೂ ಈ ನಂಟನ್ನು ಬಿಗಿ ಮಾಡಿತು. ಕ್ರಿ.ಶ. 135ರಲ್ಲಿ ಯೆಹೂದಿಗಳ ಬಂಡಾಯವನ್ನು ಅಡಗಿಸಿದ ಮೇಲೆ ರೋಮನ್ ಚಕ್ರವರ್ತಿ ಹೇಡ್ರಿಯನ್ನನ ಆಡಳಿತ ಯೆಹೂದಿಗಳನ್ನು ಊರೊಳಗೆ ಬಿಡಲಿಲ್ಲ. ಊರಿನ ಹೆಸರನ್ನೂ ಬದಲಿಸಲಾಗಿತ್ತು. ನಾಲ್ಕನೇ ಶತಮಾನದ ಕ್ರೈಸ್ತ ಬರಹಗಾರರು ಕಂಡಂತೆ, ವರ್ಷಕ್ಕೊಮ್ಮೆ ಬಂದು ಅಳುವುದಕ್ಕೆ ಮಾತ್ರ ಯೆಹೂದಿಗಳಿಗೆ ಅವಕಾಶವಿತ್ತು. ಏಳನೇ ಶತಮಾನದ ಮುಸ್ಲಿಂ ಆಳ್ವಿಕೆಯಲ್ಲಿ ಅವರು ಮತ್ತೆ ಅಲ್ಲಿ ನೆಲೆಸಿದರು. 1099ರಲ್ಲಿ ಕ್ರೂಸೇಡಿನ ಸೇನೆ ಊರನ್ನು ಹಿಡಿದಾಗ ಯೆಹೂದಿಗಳೂ ಮುಸ್ಲಿಮರೂ ಒಟ್ಟಿಗೇ ಕೊಲೆಯಾದರು. ಸೆರೆಯಾದವರನ್ನೂ ಧರ್ಮಗ್ರಂಥಗಳನ್ನೂ ಬಿಡಿಸಿಕೊಳ್ಳಲು ಕೈರೋದ ಯೆಹೂದಿಗಳು ಹಣ ಕೂಡಿಸಿದ ಪತ್ರಗಳು ಉಳಿದಿವೆ. 1187ರಲ್ಲಿ ಸಲಾದಿನ್ ಊರನ್ನು ಗೆದ್ದ ಮೇಲೆ ಅವರಿಗೆ ಮತ್ತೆ ಬಾಗಿಲು ತೆರೆಯಿತು.

ಬೆನ್ ಯಿಜು ಮಂಗಳೂರಿನ ಕಡೆ ಮೆಣಸಿನ ಲೆಕ್ಕ ಬರೆಯುತ್ತಿದ್ದ ಕಾಲದಲ್ಲೇ, 1140ರಲ್ಲಿ, ಸ್ಪೇನಿನ ಮಹಾಕವಿ ಯೆಹೂದಾ ಹಲೇವಿ ಇಳಿವಯಸ್ಸಿನಲ್ಲಿ ಮನೆ ಬಿಟ್ಟು ಪವಿತ್ರ ಭೂಮಿಗೆ ಹೊರಟ. ಅಲೆಕ್ಸಾಂಡ್ರಿಯದಲ್ಲಿ, ಕೈರೋದಲ್ಲಿ ತಂಗಿ, 1141ರ ಮೇ ತಿಂಗಳಲ್ಲಿ ಹಡಗು ಹತ್ತಿ, ಆ ಬೇಸಿಗೆಯಲ್ಲೇ ತೀರಿಕೊಂಡ. ಅವನ ಪ್ರಯಾಣದ ಸುದ್ದಿಯಿರುವ ಪತ್ರಗಳೂ ಬೆನ್ ಯಿಜುವಿನ ಮಂಗಳೂರಿನ ಪತ್ರಗಳೂ ದೊರೆತದ್ದು ಹಳೆಯ ಕೈರೋದ ಒಂದೇ ಸಿನಗಾಗಿನ, ಅಂದರೆ ಯೆಹೂದಿ ಪ್ರಾರ್ಥನಾಮಂದಿರದ, ಒಂದೇ ಉಗ್ರಾಣದಲ್ಲಿ. ಒಬ್ಬ ಎಲ್ಲ ಬಿಟ್ಟು ಹೋದ. ಇನ್ನೊಬ್ಬ ಹೋಗಲಿಲ್ಲ, 1149ರಲ್ಲಿ ಇಲ್ಲಿಂದ ಹೊರಟಾಗಲೂ ಸೇರಿದ್ದು ಏಡನ್ನು, ಆಮೇಲೆ ಈಜಿಪ್ಟನ್ನು. ಹಾಗೆಂದು ಎರಡನೆಯವನ ನಂಟು ಸುಳ್ಳೆನ್ನಲಾಗದು. ಪರ್ಷಿಯದ ಅರಸ ಸೈರಸ್ ಮರಳಿ ಹೋಗಲು ಅಪ್ಪಣೆ ಕೊಟ್ಟಾಗಲೂ ಬಾಬಿಲೋನಿನಲ್ಲೇ ಉಳಿದ ಯೆಹೂದಿಗಳು ಬಹಳ ಮಂದಿ. ಹೋಗಿ ನೆಲೆಸುವ ಆಸೆ ಬೇರೆ, ಸೇರಿದವನೆಂಬ ಅರಿವು ಬೇರೆ. ಇವೆರಡನ್ನು ಬೆರೆಸಿದ್ದರಿಂದಲೇ ಈ ವಿಷಯದ ಚರ್ಚೆ ಹಲವು ಸಲ ದಾರಿ ತಪ್ಪಿದೆ.

ತುಳುನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಇಲ್ಲಿನ ಕೊಂಕಣಿ ಗೌಡ ಸಾರಸ್ವತರ ಕುಲದೇವರು ಇಂದಿಗೂ ಗೋವೆಯಲ್ಲಿದ್ದಾರೆ. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದರು. ಆ ಶತಮಾನದ ನಡುವಿನಿಂದ ದೇವಸ್ಥಾನಗಳನ್ನು ಕೆಡವಿದರು. 1560ರಲ್ಲಿ ಧರ್ಮವಿಚಾರಣೆಯ ನ್ಯಾಯಾಲಯ ಬಂತು. ಭಕ್ತರು ಕುಶಸ್ಥಳಿಯ ಮಂಗೇಶನನ್ನು ಪ್ರಿಯೋಳಕ್ಕೆ, ಕೆಳಶಿಯ ಶಾಂತಾದುರ್ಗೆಯನ್ನು ಕವಳೆಗೆ, ವೆರ್ಣೆಯ ಮಹಾಲಸೆಯನ್ನು ಮಾರ್ದೋಳಕ್ಕೆ ಹೊತ್ತು ದಾಟಿಸಿದರು. ಅನೇಕ ಕುಟುಂಬಗಳು ದಕ್ಷಿಣಕ್ಕೆ ಇಳಿದು ಕಾರ್ಕಳ, ಮಂಗಳೂರು, ಮಂಜೇಶ್ವರ, ಕೊಚ್ಚಿಯವರೆಗೆ ಹರಡಿದವು. ಹೊಸ ಊರುಗಳಲ್ಲಿ ವೆಂಕಟರಮಣನ ದೊಡ್ಡ ದೇವಸ್ಥಾನಗಳನ್ನು ಕಟ್ಟಿಕೊಂಡರೂ ಕುಲದೇವರು ಬದಲಾಗಲಿಲ್ಲ. ಮದುವೆಯಾದ ಮೇಲೆ ಗೋವೆಗೆ ಹೋಗಿ ಕೈಮುಗಿದು ಬರುವುದು, ದೇವರ ಹೆಸರಲ್ಲಿ ಕಾಣಿಕೆ ತೆಗೆದಿಡುವುದು ನಾಲ್ಕೂವರೆ ಶತಮಾನದ ಮೇಲೂ ನಿಂತಿಲ್ಲ. ಅವರಲ್ಲಿ ಗೋವೆಗೆ ಮರಳಿ ನೆಲೆಸಲು ಹೊರಟವರು ಎಷ್ಟು ಮಂದಿ? ಬಹಳ ಕಡಿಮೆ. ನಂಟು ಮಾತ್ರ ಒಂದಿಷ್ಟೂ ಸಡಿಲವಾಗಿಲ್ಲ.

ಇನ್ನು ನಾಗನ ಮಾತು. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಬರುವ ವಾಹನಗಳಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವವು ಗುಂಡ್ಯದಲ್ಲಿ ಹೆದ್ದಾರಿ ಬಿಡುತ್ತವೆ. ಅವುಗಳಲ್ಲಿ ಸರ್ಪಸಂಸ್ಕಾರಕ್ಕೋ ಆಶ್ಲೇಷ ಬಲಿಗೋ ಹೊರಟವರು ಅನೇಕರು. ಪ್ರತಿ ಕುಟುಂಬಕ್ಕೂ ಒಂದು ಮೂಲ ನಾಗಬನ ಇದೆ ಎಂಬುದು ತುಳುನಾಡಿನ ಗಾಢ ನಂಬಿಕೆ. ಅದು ಎಲ್ಲಿದೆಯೆಂದು ತಿಳಿಯದವರು ಕುಕ್ಕೆಯಲ್ಲೋ ಕುಡುಪುವಿನಲ್ಲೋ ಸೇವೆ ಸಲ್ಲಿಸುತ್ತಾರೆ. ತಿಳಿದವರು ನಾಗರ ಪಂಚಮಿಗೆ ಮುಂಬಯಿಯಿಂದಾದರೂ ಬಂದು ತನು, ಅಂದರೆ ಹಾಲು ಸೀಯಾಳ, ಎರೆಯುತ್ತಾರೆ. ಮರೆತವರು ಪ್ರಶ್ನೆ ಇಡಿಸಿ ಹುಡುಕುತ್ತಾರೆ.

ಇಲ್ಲಿ ಗಮನಿಸಬೇಕಾದ್ದು ಜಾಗದ ಒಡೆತನ. 1974ರ ಭೂಸುಧಾರಣೆಯ ತಿದ್ದುಪಡಿಯ ಬಳಿಕ ತುಳುನಾಡಿನಲ್ಲಿ ಗದ್ದೆ ತೋಟಗಳು ಗೇಣಿದಾರರ ಕೈಗೆ ಬಂದವು, ಪಾಲಾದವು, ಮಾರಾಟವಾದವು. ಎಷ್ಟೋ ನಾಗಬನಗಳು ಇಂದು ಬೇರೆ ಜಾತಿಯವರ, ಕೆಲವೊಮ್ಮೆ ಬೇರೆ ಧರ್ಮದವರ ವರ್ಗ ಜಾಗದೊಳಗಿವೆ. ಆರ್‌ಟಿಸಿಯಲ್ಲಿ ಒಬ್ಬರ ಹೆಸರು, ನಾಗನಿಗೆ ಹಾಲೆರೆಯುವ ಹಕ್ಕು ಇನ್ನೊಂದು ಕುಟುಂಬದ್ದು. ಜಗಳ ಆಗುವುದೇ ಇಲ್ಲವೆಂದಲ್ಲ. ದಾರಿಗೆ ಬೇಲಿ ಬಿದ್ದು ಕೋರ್ಟಿಗೆ ಹೋದದ್ದೂ ಇದೆ. ಆದರೂ ಸಾಮಾನ್ಯವಾಗಿ ಜಾಗದ ಯಜಮಾನ ದಾರಿ ಬಿಡುತ್ತಾನೆ, ಬನದ ಮರಕ್ಕೆ ಕತ್ತಿ ಹಾಕುವುದಿಲ್ಲ. ನೆಲ ನನ್ನದಲ್ಲ, ಸ್ಥಾನ ನನ್ನದು ಎಂದು ಒಬ್ಬರು. ನೆಲ ನನ್ನದು, ಸ್ಥಾನ ನಿಮ್ಮದೂ ಹೌದು ಎಂದು ಇನ್ನೊಬ್ಬರು. ಯಾವ ಕಾನೂನೂ ಕಲಿಸದ ಈ ವಿವೇಕ ತುಳುನಾಡಿನ ದೊಡ್ಡ ಸಂಪತ್ತು.

ಕುಕ್ಕೆಯಲ್ಲೂ ಇದೇ ಮಾತು. ಚಂಪಾಷಷ್ಠಿಯ ತೇರಿಗೆ ಕಾಡಿನ ಬೆತ್ತ ತಂದು ಕಟ್ಟುವ ಹಕ್ಕು ಮಲೆಕುಡಿಯ ಬುಡಕಟ್ಟಿನವರದು. ಗರ್ಭಗುಡಿಯ ಪೂಜೆ ಅವರದಲ್ಲ, ಆದರೆ ಅವರ ಕೈ ತಾಗದೆ ತೇರು ಸಿದ್ಧವಾಗುವುದಿಲ್ಲ.

ಜೆರುಸಲೇಮಿನ ದುರಂತ ಇರುವುದು ಈ ವಿವೇಕ ಅಲ್ಲಿ ನಿಲ್ಲದಿರುವುದರಲ್ಲಿ. ಯೆಹೂದಿಗಳ ದೇವಾಲಯವಿದ್ದ ದಿಬ್ಬದ ಮೇಲೆ ಏಳನೇ ಶತಮಾನದ ಕೊನೆಯಲ್ಲಿ ಎದ್ದ ಚಿನ್ನದ ಬಣ್ಣದ ಗುಮ್ಮಟವಿದೆ, ಮುಸ್ಲಿಮರಿಗೆ ಪರಮ ಪವಿತ್ರವಾದ ಅಲ್ ಅಕ್ಸಾ ಇದೆ. ಅನತಿ ದೂರದಲ್ಲಿ ಕ್ರೈಸ್ತರು ಯೇಸುವಿನ ಸಮಾಧಿಯೆಂದು ಪೂಜಿಸುವ ಚರ್ಚು ನಾಲ್ಕನೇ ಶತಮಾನದಿಂದ ಇದೆ. 1948ರ ಯುದ್ಧದಲ್ಲಿ ಹಳೆಯ ಊರು ಜೋರ್ಡಾನಿನ ಕೈಗೆ ಹೋಗಿ, ಅಲ್ಲಿನ ಯೆಹೂದಿ ಕೇರಿ ಖಾಲಿಯಾಯಿತು. 1967ರವರೆಗೆ ಯೆಹೂದಿಗಳಿಗೆ ಆ ದೇವಾಲಯದ ದಿಬ್ಬದ ಪಶ್ಚಿಮ ಗೋಡೆಯ ಬಳಿ ಪ್ರಾರ್ಥಿಸಲಾಗಲಿಲ್ಲ. ಅದೇ 1948ರಲ್ಲಿ ಪಶ್ಚಿಮ ಜೆರುಸಲೇಮಿನ ಬಡಾವಣೆಗಳಿಂದ ಹೊರಬಿದ್ದ ಪ್ಯಾಲೆಸ್ತೀನಿ ಕುಟುಂಬಗಳು ಮನೆಯ ಬೀಗದ ಕೈಯನ್ನು ಮಕ್ಕಳಿಗೆ ದಾಟಿಸಿದವು. ಎರಡು ಸಾವಿರ ವರ್ಷದ ನೆನಪಿಗೆ ತಲೆಬಾಗುವವರು ಎಪ್ಪತ್ತೆಂಬತ್ತು ವರ್ಷದ ನೆನಪನ್ನು ಕಡೆಗಣಿಸುವುದು ನ್ಯಾಯವಲ್ಲ. ಈಚಿನ ನೋವಿಗೆ ಮಿಡಿಯುವವರು ಆ ಹಳೆಯ ನಂಟು ಬರೀ ಕಟ್ಟುಕತೆ ಎನ್ನುವುದೂ ಅಷ್ಟೇ ತಪ್ಪು. ನಂಟು ಕೊಡುವುದು ಹೋಗಿ ಬರುವ, ಪ್ರಾರ್ಥಿಸುವ, ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು. ಇನ್ನೊಬ್ಬರನ್ನು ಎಬ್ಬಿಸುವ ಹಕ್ಕನ್ನಲ್ಲ.

ಮರಳಿ ಹೋಗುವುದು ಸುಲಭದ ಸುಖವೂ ಅಲ್ಲ. ಕೊಚ್ಚಿಯ ಯೆಹೂದಿಗಳಲ್ಲಿ ಹೆಚ್ಚಿನವರು 1950ರ ದಶಕದಲ್ಲಿ ಇಸ್ರೇಲಿಗೆ ಹೋದರು. ಅಲ್ಲಿ ಅವರ ಹೆಂಗಸರು ಮಲಯಾಳದ ಹಳೆಯ ಹಾಡುಗಳನ್ನು ಉಳಿಸಿಕೊಂಡರು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಕೆತ್ತನೆಯ ಒಳಾಂಗಣವನ್ನು ಇಂದು ನೋಡಬೇಕಾದರೆ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿಗೆ ಹೋಗಬೇಕು. ಸಾವಿರ ವರ್ಷ ಕೇರಳದಿಂದ ಜೆರುಸಲೇಮನ್ನು ನೆನೆದವರು ಈಗ ಅಲ್ಲಿಂದ ಕೇರಳವನ್ನು ನೆನೆಯುತ್ತಾರೆ.

ಸುಳ್ಯ, ಕಡಬದ ಕಡೆ ಇದಕ್ಕಿಂತ ಕಠಿಣವಾದ ಉದಾಹರಣೆಯಿದೆ. 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದಂತೆ ಸಿಲೋನಿನ ಚಹಾ ತೋಟಗಳ 5,25,000 ತಮಿಳರನ್ನು ಭಾರತ ಒಪ್ಪಿಕೊಳ್ಳಬೇಕಿತ್ತು. ಹಾಗೆ ಬಂದವರಲ್ಲಿ ಕೆಲವರಿಗೆ ಇಲ್ಲಿನ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಸಿಕ್ಕಿತು. ಕಾಗದದಲ್ಲಿ ಅವರು ತಾಯ್ನಾಡಿಗೆ ಮರಳಿದವರು. ಹುಟ್ಟಿದ್ದು ಲಂಕೆಯ ಬೆಟ್ಟದಲ್ಲಿ, ಅಜ್ಜಂದಿರ ಊರು ತಮಿಳುನಾಡಿನಲ್ಲಿ, ಬದುಕು ತುಳು-ಕನ್ನಡದ ನಡುವಿನ ರಬ್ಬರ್ ಕಾಡಿನಲ್ಲಿ. ಅವರು ಮಾರಿಯಮ್ಮನ ಗುಡಿ ಕಟ್ಟಿ, ವರ್ಷದ ಹಬ್ಬಕ್ಕೆ ದಿನ ಗೊತ್ತುಮಾಡಿಕೊಂಡರು. ಸರಕಾರದ ಒಪ್ಪಂದ ಕೊಡಲಾರದ ಊರನ್ನು ಹಾಗೆ ನೇಮದಿಂದಲೇ ಮಾಡಿಕೊಳ್ಳಬೇಕಾಯಿತು.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನಾಗರ ಪಂಚಮಿಗೆ ಊರಿಗೆ ಹೋಗುವವರು ಮಕ್ಕಳನ್ನು ಕಾರಿನಲ್ಲಿ ಕೂರಿಸಿ ತಾವು ಮಾತ್ರ ಬನಕ್ಕೆ ಹೋಗಿ ಬರುವುದು ಬೇಡ. ತನುವಿನ ಸೀಯಾಳವನ್ನು ಅವರ ಕೈಯಲ್ಲೇ ಎರೆಸಿ. ಕುಟುಂಬದ ಹಿರಿಯರು ಇರುವಾಗಲೇ ಮೂಲದ ಮನೆ, ಬನ, ದೈವದ ವಿವರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬನ ಬೇರೆಯವರ ಜಾಗದಲ್ಲಿದ್ದರೆ ಆ ಮನೆಯವರನ್ನು ಕಂಡು ಮಾತಾಡಿ, ಪ್ರಸಾದ ಕೊಟ್ಟು, ಕಾಲುದಾರಿಯ ವಿಷಯವನ್ನು ಇಬ್ಬರೂ ಒಪ್ಪಿದ ಕಾಗದದಲ್ಲಿ ಬರೆಸಿಕೊಳ್ಳಿ. ನಿಮ್ಮ ಜಾಗದಲ್ಲಿ ಇನ್ನೊಬ್ಬರ ಬನವಿದ್ದರೆ ಅವರು ಬರುವ ದಾರಿಗೆ ಬೇಲಿ ಹಾಕಬೇಡಿ.