ಕಾವಲಿಗಲ್ಲ, ಚಿರತೆಗೆ ಕಟ್ಟಿದ್ದೀವಿ ನಾಯಿನ

ಮಾಗಿ ಚಳಿ ಬಂತು. ರಾಗಿ ಕೊಯ್ದು ಮೆದೆ ಹಾಕಿದ್ದಾಯಿತು. ಇನ್ನು ನಮ್ಮ ವಾಟ್ಸಾಪ್‌ಗೆ ಒಂದೇ ಥರದ ಫೋಟೊ: ಖಾಲಿ ಸರಪಳಿ, ಅಂಗಳದಲ್ಲಿ ರಕ್ತದ ಕಲೆ. 'ಸಾರ್, ನ್ಯೂಸ್ ಹಾಕಿ, ಚಿರತೆ ನಾಯಿ ಹೊತ್ಕೊಂಡೋಯ್ತು.'

ನಾವೂ ಹಾಕುತ್ತೇವೆ. 'ಚಿರತೆ ದಾಳಿ: ನಾಯಿ ಬಲಿ, ಗ್ರಾಮಸ್ಥರಲ್ಲಿ ಆತಂಕ.' ವರ್ಷಾ ವರ್ಷಾ ಅದೇ ಹೆಡ್ಡಿಂಗು. ನಾಯಿಯನ್ನು ಎಲ್ಲಿ ಕಟ್ಟಿದ್ದರು ಅಂತ ಒಂದು ಸಾಲೂ ಬರೆದಿಲ್ಲ. ಅದು ನಮ್ಮ ತಪ್ಪು. ಈಗ ಬರೆಯುತ್ತೇವೆ: ಬಯಲಲ್ಲಿ, ಗಿಡ್ಡ ಸರಪಳಿಯಲ್ಲಿ, ಓಡೋಕೂ ಆಗದ ಹಾಗೆ ಕಟ್ಟಿದ್ದರು.

ನಾಯಿ ಮೊದಲೇ ಹೇಳಿರುತ್ತೆ. ರಾಗಿ ಮೆದೆಗೆ ಹಂದಿ ಬಂದರೆ ಮುಂದೆ ನುಗ್ಗಿ ಬೊಗಳುವ ನಾಯಿ, ಚಿರತೆ ವಾಸನೆ ಸಿಕ್ಕಾಗ ಬಾಲ ಮುದುರಿಕೊಂಡು ಕುಂಯ್‌ಗುಡುತ್ತಾ ಬಾಗಿಲಿಗೆ ಒತ್ತಿಕೊಳ್ಳೋದನ್ನ ಎಷ್ಟೋ ಮನೆಯವರು ಕಂಡಿದ್ದಾರೆ. ನಾವೇನು ಮಾಡ್ತೀವಿ? ಕಂಬಳಿಯೊಳಗಿಂದಲೇ 'ಸುಮ್ನೆ ಬಿದ್ಕೊಳೋ' ಅಂತ ಗದರಿ ಮಗ್ಗಲು ಬದಲಿಸ್ತೀವಿ.

ಮಹಾರಾಷ್ಟ್ರದ ಅಕೋಲೆ ಭಾಗದ ಕಬ್ಬಿನ ಊರುಗಳಲ್ಲಿ ಚಿರತೆ ಏನು ತಿನ್ನುತ್ತೆ ಅಂತ ವಿದ್ಯಾ ಆತ್ರೇಯ ಮತ್ತು ಜೊತೆಗಾರರು ಅಧ್ಯಯನ ಮಾಡಿದರು. ತೂಕದ ಲೆಕ್ಕದಲ್ಲಿ ಅದರ ಆಹಾರದ ಶೇ. 39 ನಾಯಿ. ನಮ್ಮ ಅಂಗಳ ಅದಕ್ಕೆ ಊಟದ ಮನೆ. ಅದೇ ಅಂಗಳದಲ್ಲಿ ನಮ್ಮ ಮಕ್ಕಳು ಆಡುತ್ತವೆ, ಅದೇ ದಾರಿಯಲ್ಲಿ ಹೆಂಗಸರು ಕತ್ತಲಲ್ಲಿ ಓಡಾಡುತ್ತಾರೆ. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ, ಬರೀ ಮೂರು ತಿಂಗಳಲ್ಲಿ, ತಿ. ನರಸೀಪುರ ತಾಲ್ಲೂಕಿನಲ್ಲಿ ನಾಲ್ವರು ಚಿರತೆ ಬಾಯಿಗೆ ಸಿಕ್ಕಿ ಸತ್ತರು. ಅದಕ್ಕೆ ನಾಯಿಯೇ ಕಾರಣ ಅಂತ ನಾವು ಹೇಳುತ್ತಿಲ್ಲ. ಆದರೆ ಚಿರತೆಗೆ ಮನೆ ಬಾಗಿಲಿನ ದಾರಿ ಕಲಿಸೋದು ಯಾವ ಜಾಣತನ?

'ಬೋನಿಟ್ಟು ಹಿಡಕೊಂಡು ಹೋಗಲಿ' ಅಂತೀರಿ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಹಾಗೇ ಹಿಡಿದು ಬೇರೆ ಕಡೆ ಬಿಟ್ಟರು. ಬಿಟ್ಟ ಜಾಗಗಳ ಸುತ್ತ ಜನರ ಮೇಲಿನ ದಾಳಿ ಹೆಚ್ಚಾಯಿತು ಅಂತ 2011ರಲ್ಲಿ ಅದೇ ತಂಡ ಬರೆಯಿತು. ಮನುಷ್ಯರ ಮೇಲೆ ಬಿದ್ದ ಚಿರತೆಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾಯಿ ತಿಂದ ಪ್ರತಿ ಚಿರತೆಗೂ ಬೋನು ಅಂದರೆ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತೆ. ಯಾಕಂದರೆ ಸರಪಳಿಯಲ್ಲಿ ಇನ್ನೊಂದು ನಾಯಿ ಇರುತ್ತೆ.

'ಒಳಗೆ ಹಾಕಿದ್ರೆ ಮನೆ ಕಾಯೋರ್ಯಾರು?' ಅಂತ ಕೇಳ್ತೀರಿ. ಕಟ್ಟಿದ ನಾಯಿ ಕಚ್ಚಿ ಕಾಯಲ್ಲ, ಕೂಗಿ ಕಾಯುತ್ತೆ. ಆ ಕೂಗು ಜಗಲಿಯ ಗ್ರಿಲ್ ಒಳಗಿಂದಲೂ ಕೇಳುತ್ತೆ. ಗ್ರಿಲ್ ಇಲ್ಲವಾ? ನಾಲ್ಕು ಕಂಬ, ಗಟ್ಟಿ ಕಬ್ಬಿಣದ ಜಾಲರಿ, ಚಿಲಕ ಇರೋ ಬಾಗಿಲು ಸಾಕು. ಮೇಲೂ ಮುಚ್ಚಿ, ಚಿರತೆ ಹತ್ತುತ್ತೆ. ಕುರಿ, ಮೇಕೆಗೂ ಹೀಗೇ ಮಾಡಿ. ಕೋಳಿ ಅಂಗಡಿಯ ಕರುಳು, ಪುಕ್ಕ ಊರ ಪಕ್ಕದ ಹಳ್ಳಕ್ಕೆ ಸುರಿಯೋದನ್ನ ಪಂಚಾಯಿತಿ ನಿಲ್ಲಿಸಲಿ. ಅದಕ್ಕೆ ಬೀದಿನಾಯಿ ಸೇರುತ್ತವೆ, ನಾಯಿ ಹಿಂದೆ ಚಿರತೆ ಬರುತ್ತೆ. ವರ್ಷಕ್ಕೊಮ್ಮೆ ನಾಯಿಗೆ ರೇಬೀಸ್ ಲಸಿಕೆಯನ್ನೂ ಹಾಕಿಸಿ.

ಮುಂದಿನ ಸಲ ನೀವು ಫೋಟೊ ಕಳಿಸಿದರೆ ಸುದ್ದಿ ಬರೆಯುತ್ತೇವೆ. ಆದರೆ ಮೊದಲು ಒಂದು ಮಾತು ಕೇಳಿಯೇ ಬರೆಯುತ್ತೇವೆ: ನಾಯಿನ ರಾತ್ರಿ ಎಲ್ಲಿ ಕಟ್ಟಿದ್ರಿ?